ಊಟದ ನಂತರದ ತರಗತಿಯಲ್ಲಿ ಹಾಡು ಹಾಕಬಹುದೇ?

ಕನ್ನಡ ಶಿಕ್ಷಕಿ, ಪ್ರೌಢಶಾಲೆ:
ಒಂಬತ್ತನೆಯ ತರಗತಿಗೆ ನನ್ನ ಪಾಠ ಬಿಸಿಯೂಟ ಮುಗಿದ ಕೂಡಲೇ ಬರುತ್ತದೆ. ಮೇಲೆ ತಗಡಿನ ಮಾಡು, ಹೊಟ್ಟೆಯಲ್ಲಿ ಅನ್ನ ಸಾಂಬಾರು. ಕುಮಾರವ್ಯಾಸನ ಪದ್ಯ ತೆಗೆಯುವಷ್ಟರಲ್ಲಿ ಕಿಟಕಿ ಪಕ್ಕದ ಸಾಲು ತೂಕಡಿಸುತ್ತಿರುತ್ತದೆ. ಹೋದ ವಾರ ಮನೆಯಿಂದ ಸಣ್ಣ ಸ್ಪೀಕರ್ ತಂದು ಸಿನಿಮಾ ಹಾಡೊಂದನ್ನು ಹಾಕಿದೆ. ನಿದ್ದೆಯೇನೋ ಹಾರಿತು. ಆದರೆ ನಿಲ್ಲಿಸಿದ ಮೇಲೂ ಮಕ್ಕಳು ಅದನ್ನೇ ಗುನುಗುತ್ತಿದ್ದರು. ಪಾಠಕ್ಕೆ ಇಳಿಯಲು ಹದಿನೈದು ನಿಮಿಷ ಹಿಡಿಯಿತು. ಪಕ್ಕದ ಕೋಣೆಯ ಗಣಿತ ಶಿಕ್ಷಕರು ಬಂದು ಬಾಗಿಲಲ್ಲಿ ನಿಂತರು. ಪದ್ಯಪಾಠಕ್ಕೆ ಒಗ್ಗುವ ಸಂಗೀತ ಯಾವುದಾದರೂ ಇದೆಯೇ?

ವಿಜ್ಞಾನ ಶಿಕ್ಷಕ:
ಓದುವ ಹೊತ್ತಿನಲ್ಲಿ ಮಾತಿರುವ ಹಾಡು ಬೇಡವೇ ಬೇಡ. ಕಿವಿಗೆ ಬೀಳುವ ಮಾತು ಪುಟದ ಮೇಲಿನ ಮಾತಿಗೆ ಅಡ್ಡ ಬರುತ್ತದೆ. ಪ್ರಯೋಗದ ಸಾಮಾನು ಜೋಡಿಸುವಾಗ ಮಾತ್ರ ನಾನು ಕೊಳಲು ವಾದನ ಹಾಕುತ್ತೇನೆ. ಅದು ಮುಗಿಯುವಷ್ಟರಲ್ಲಿ ಎಲ್ಲರೂ ಜಾಗದಲ್ಲಿರಬೇಕು ಎಂಬುದು ನಮ್ಮ ಒಪ್ಪಂದ.

ನಿವೃತ್ತ ಕನ್ನಡ ಶಿಕ್ಷಕ:
ತಾಯೀ, ಸ್ಪೀಕರ್ ಮನೆಯಲ್ಲೇ ಇರಲಿ. ನಿಮಗೆ ಬೇಕಾದ ಸಂಗೀತ ಆ ಪದ್ಯದೊಳಗೇ ಇದೆ. ಕುಮಾರವ್ಯಾಸನದು ಭಾಮಿನಿ ಷಟ್ಪದಿ, ಆರು ಸಾಲಿನ ಪದ್ಯ. ಅದರ ನಡೆ ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆ. ಮಾತ್ರೆಯೆಂದರೆ ಅಕ್ಷರ ನುಡಿಯುವ ಕಾಲದ ಅಳತೆ: ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು. ಮಿಶ್ರಛಾಪು ತಾಳದ ಏಳೂ ಇದೇ: ತಕಿಟ ತಕಧಿಮಿ. ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿ. ‘ತಕಿಟ’ಕ್ಕೆ ತೊಡೆ ತಟ್ಟಲಿ, ‘ತಕಧಿಮಿ’ಗೆ ಚಪ್ಪಾಳೆ ಹಾಕಲಿ. ಮೊದಲು ಬರೀ ಸೊಲ್ಲು, ಆಮೇಲೆ ನಿಧಾನವಾಗಿ ಪದ್ಯದ ಸಾಲು. ಮೂರನೆಯ ಮತ್ತು ಆರನೆಯ ಸಾಲುಗಳಲ್ಲಿ ಈ ಏಳು ಮೂರು ಸಲ ಬಂದು ಕೊನೆಗೊಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ, ಉಳಿಯುತ್ತದೆ. ಅಲ್ಲಿ ಎಲ್ಲರೂ ಒಟ್ಟಿಗೆ ಕೈ ತಡೆಯಬೇಕು. ಆ ನಿಲುಗಡೆಗೆ ಕಾಯುವವರಿಗೆ ತೂಕಡಿಸಲು ಪುರುಸೊತ್ತೆಲ್ಲಿ? ಹೀಗೆ ಕಲಿತ ನನ್ನ ಮಕ್ಕಳು ಪ್ರಸ್ತಾರ ಹಾಕುವಾಗ, ಅಂದರೆ ಸಾಲಿನ ಮಾತ್ರೆಗಳನ್ನು ಗುರುತಿಸಿ ಬರೆಯುವಾಗ, ಬೆರಳೆಣಿಸುತ್ತಿರಲಿಲ್ಲ. ಮುಂದೆ ವಾರ್ಧಕ ಷಟ್ಪದಿ ಬಂದರೆ ಐದು ಮಾತ್ರೆಯ ನಡೆ, ಖಂಡಛಾಪು ತಾಳ.

ಕನ್ನಡ ಶಿಕ್ಷಕಿ, ಪ್ರೌಢಶಾಲೆ:
ಇಂದು ಮಾಡಿ ನೋಡಿದೆ ಸರ್. ಗಣಿತ ಶಿಕ್ಷಕರಿಗೆ ಮೊದಲೇ ತಿಳಿಸಿದ್ದೆ. ಎರಡು ಸಲ ಬರೀ ಗದ್ದಲ, ಮೂರನೆಯ ಸಲಕ್ಕೆ ಕೈಗಳು ಕೂಡಿದವು. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗನಿದ್ದಾನೆ. ಊರಿನ ಡೊಳ್ಳು ಕುಣಿತದ ತಂಡದವನು, ತರಗತಿಯಲ್ಲಿ ಬಾಯಿಯನ್ನೇ ಬಿಡದವನು. ಅವನು ಕೈ ಎತ್ತಿ, “ಮೇಡಂ, ನಾಲ್ಕನೆಯ ಸಾಲಿನಲ್ಲಿ ಒಂದು ಪೆಟ್ಟು ಕಡಿಮೆ ಬೀಳುತ್ತಿದೆ” ಎಂದ. ತಿರುಗಿ ನೋಡಿದರೆ, ಕಪ್ಪುಹಲಗೆಯ ಮೇಲೆ ಒಂದು ದೀರ್ಘವನ್ನು ಹ್ರಸ್ವವಾಗಿ ಬರೆದಿದ್ದೆ.