ಸೈಡ್ ಚಕ್ರ ಬಿಚ್ಚಿದ ಮೇಲೆ ಮಗಳು ಸೈಕಲ್ ಹತ್ತುತ್ತಿಲ್ಲ, ನಿಮ್ಮ ಮಕ್ಕಳು ಹೇಗೆ ಕಲಿತರು?

ಹಾಸನದ ಅಮ್ಮ: ಮಗಳಿಗೆ ಆರು ವರ್ಷ. 16 ಇಂಚಿನ ಸೈಕಲ್. ಸೈಡ್ ಚಕ್ರ ಇದ್ದಾಗ ಬೀದಿಯೆಲ್ಲ ಅವಳದೇ. ಬಿಚ್ಚಿದ ದಿನವೇ ಚರಂಡಿ ಕಲ್ಲಿನ ಮೇಲೆ ಬಿದ್ದು ಮಂಡಿ ತರಚಿಕೊಂಡಳು. ಈಗ ಮುಟ್ಟುವುದೂ ಇಲ್ಲ. ಅನುಭವ ಇದ್ದವರು ಹೇಳಿ.

ಪೆಡಲ್ ಬಿಚ್ಚಿದವನು: ಸೈಡ್ ಚಕ್ರ ಇದ್ದರೆ ಸೈಕಲ್ ವಾಲುವುದಿಲ್ಲ, ವಾಲದೆ ಬ್ಯಾಲೆನ್ಸ್ ಬರುವುದಿಲ್ಲ. ನಾನು ಎರಡೂ ಪೆಡಲ್ ಬಿಚ್ಚಿಸಿ, ಮಗನ ಪಾದ ಪೂರ್ತಿ ನೆಲಕ್ಕೆ ತಾಗುವಷ್ಟು ಸೀಟು ಇಳಿಸಿದೆ. ಕಾಲಲ್ಲೇ ನೂಕಿಕೊಂಡು ಓಡಾಡಿದ. ಸಣ್ಣ ಇಳಿಜಾರಲ್ಲಿ ಎರಡೂ ಕಾಲೆತ್ತಿ ಜಾರಿದ ನೋಡಿ, ಅಲ್ಲಿಗೆ ಬ್ಯಾಲೆನ್ಸ್ ಸಿಕ್ಕಿತು. ಧೈರ್ಯ ಜಾಸ್ತಿಯಾಗಿ ಬ್ರೇಕ್ ಮರೆತು ಹಾಲಿನವರ ಬೈಕಿಗೆ ಗುದ್ದಿದ. ಎರಡು ಲೀಟರ್ ಹಾಲು, 100 ರೂಪಾಯಿ. ಅದು ಹೋಗಲಿ. ಪೆಡಲ್ ವಾಪಸ್ ಹಾಕಲು ಅಂಗಡಿಗೆ ಕೊಟ್ಟೆನಲ್ಲ, ಎಡಗಡೆ ಪೆಡಲಿನ ಥ್ರೆಡ್ ಉಲ್ಟಾ ಇರುತ್ತೆ, ಆ ಹುಡುಗ ಬಲದ್ದನ್ನು ಎಡಕ್ಕೆ ತುರುಕಿ ಥ್ರೆಡ್ ತಿಂದುಹಾಕಿದ. ಪೆಡಲ್ ಕೂರುವ ಕಡ್ಡಿ, ಅಂದರೆ ಕ್ರ್ಯಾಂಕ್, 350, ಪೆಡಲ್ ಜೋಡಿ 180, ಕೂಲಿ 100. ಕೆಡಿಸಿದವನಿಗೇ ಕೂಲಿ!

ಒಳಪೆಡಲ್ ಕಾಲದವನು: ಪೆಡಲ್ ಬಿಚ್ಚಿ ಸೈಕಲ್ ಕಲಿಸೋದಂತೆ! ನಾವು ಅಪ್ಪನ ದೊಡ್ಡ ಸೈಕಲ್ಲಿನ ಬಾರ್ ಕೆಳಗೆ ಕಾಲು ತೂರಿಸಿ ಒಳಪೆಡಲ್ ತುಳಿದವರು. ಬಿದ್ದು ಮನೆಗೆ ಹೋದರೆ ಬೆನ್ನಿಗೆ ಇನ್ನೆರಡು ಬೀಳುತ್ತಿತ್ತು. ಮೊಮ್ಮಗನಿಗೆ ಈಗ ಹೆಲ್ಮೆಟ್ಟು, ಮಂಡಿಗೆ ಪ್ಯಾಡು, ಮೊಣಕೈಗೆ ಪ್ಯಾಡು, 1,400 ಸುರಿದಿದ್ದಾರೆ. ಕಟ್ಟಿ ಮುಗಿಸುವಷ್ಟರಲ್ಲಿ ಕತ್ತಲಾಗುತ್ತೆ. ಬೀಳಲಿ ಬಿಡಿ ಮೇಡಂ.

ಶಿವಮೊಗ್ಗದ ಅಮ್ಮ: ‘ಬೀಳಲಿ ಬಿಡು’ ಅಂತ ನಮ್ಮ ಮಾವನವರೂ ಅಂದಿದ್ದರು ಸರ್. ಮಗಳು ಇಳಿಜಾರಲ್ಲಿ ಬಿದ್ದಳು, ಕೈ ಊರಿದಳು, ಮಣಿಕಟ್ಟು ಬಿರುಕು. ಎಕ್ಸ್‌ರೇ 450, ಪ್ಲಾಸ್ಟರ್ 2,800. ತುರಿಕೆ ಅಂತ ಪ್ಲಾಸ್ಟರ್ ಒಳಗೆ ಸ್ಕೇಲ್ ತೂರಿಸಿದಳು, ಅದು ಮುರಿದು ಒಳಗೇ ಉಳಿಯಿತು, ಒಡೆಸಿ ಹೊಸದು ಹಾಕಿಸಿದ್ದಕ್ಕೆ ಮತ್ತೆ 2,800. ಬಲಗೈ ಬೇರೆ, ಪರೀಕ್ಷೆ ಹೊತ್ತು. ಪ್ಲಾಸ್ಟರ್ ತೆಗೆದ ತಕ್ಷಣ ಅವಳು ಕೇಳಿದ್ದೇನು, ಸೈಕಲ್ ಕೀ! ನಾನು ಕೊಟ್ಟಿಲ್ಲ, ಕೊಡುವುದೂ ಇಲ್ಲ.

ಒಳಪೆಡಲ್ ಕಾಲದವನು: ಮಂಚದಿಂದ ಬಿದ್ದರೂ ಕೈ ಮುರಿಯುತ್ತೆ. ಮಂಚಕ್ಕೂ ಬೀಗ ಹಾಕ್ತೀರಾ?

ಶಿವಮೊಗ್ಗದ ಅಮ್ಮ: ಮೊದಲು ಆಸ್ಪತ್ರೆ ಬಿಲ್ ಕಟ್ಟಿ, ಆಮೇಲೆ ಬುದ್ಧಿ ಹೇಳಿ.

ಬೆಂಗಳೂರು ಅಪ್ಪ: ನಿಮಗೆಲ್ಲ ಬೀಳಲು ಜಾಗವಾದರೂ ಇದೆ. ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಲ್ಲಿ ಸೈಕಲ್ ಓಡಿಸಿದರೆ 500 ದಂಡ. ಹಾಗಾಗಿ ಭಾನುವಾರ ಕಬ್ಬನ್ ಪಾರ್ಕಿಗೆ ಹೋಗುವುದು, ಅವತ್ತು ಒಳಗೆ ಗಾಡಿ ಬಿಡಲ್ಲ. ಬೀಳುವ ಕಡೆಗೇ ಹ್ಯಾಂಡಲ್ ತಿರುಗಿಸು ಅಂತ ಹೇಳಿಕೊಟ್ಟೆ, ಸುಮ್ನೆ ಸೀಟು ಹಿಡಿದು ಓಡುವುದಕ್ಕಿಂತ ಅದೇ ವಾಸಿ. ಸೈಕಲ್ ಸಾಗಿಸಲು ಕಾರಿಗೆ ಸ್ಟ್ಯಾಂಡ್, 4,500. ಸೈಕಲ್ಲಿಗೆ ಕೊಟ್ಟಿದ್ದೇ 5,200!

ಗೀರು ಬಿದ್ದ ಕಾರಿನವನು: ದಂಡ ಹಾಕಿದ್ದು ಸರಿಯಾಗಿದೆ. ಪಕ್ಕದ ಮನೆ ಹುಡುಗನ ಹ್ಯಾಂಡಲ್ ತಾಗಿ ನನ್ನ ಬಂಪರ್ ಪೇಂಟಿಗೆ 3,200 ಹೋಯಿತು. ‘ಮಗು ಅಲ್ವಾ’ ಅಂದರು ಅಷ್ಟೇ.

ಬೆಂಗಳೂರು ಅಪ್ಪ: ಮಗುನೇ ಅಲ್ವಾ ಮತ್ತೆ? ಕಾರಿಗೆ ಮಂಡಿ ಪ್ಯಾಡ್ ಕಟ್ಟಿ.

ಹಾಸನದ ಅಮ್ಮ: ಪೆಡಲ್ ಬಿಚ್ಚಿದ ಅಣ್ಣಾ, ಸ್ಪ್ಯಾನರ್ ಎಷ್ಟನೇ ನಂಬರು?

ಪೆಡಲ್ ಬಿಚ್ಚಿದವನು: 15. ತೆಳ್ಳಗಿನದು ತಗೊಳ್ಳಿ, ದಪ್ಪದ್ದು ಸಂದಿಗೆ ಹೋಗಲ್ಲ. ಬಿಚ್ಚುವಾಗ ಎಡದ್ದನ್ನು ಬಲಕ್ಕೆ, ಗಡಿಯಾರದ ಮುಳ್ಳಿನ ಹಾಗೆ, ತಿರುಗಿಸಿ. ಅಂಗಡಿಗೆ ಮಾತ್ರ ಕೊಡಬೇಡಿ.

ಗೀರು ಬಿದ್ದ ಕಾರಿನವನು: ಬೆಂಗಳೂರಿನವರೇ, ಆ 500 ದಂಡಕ್ಕೆ ರಸೀದಿ ಕೊಟ್ಟರಾ ನಿಮಗೆ?