ಪಶುವೈದ್ಯರನ್ನು ಕೇಳಿ: ನೋವಿನ ಸೂಜಿ, ನೋವಿನ ಮಾತ್ರೆ

ನಿರ್ವಾಹಕ (ಕಲಬುರಗಿ): ಸಂಜೆ ಆರರಿಂದ ಎಂಟರವರೆಗೆ ಡಾಕ್ಟರ್ ಸಾಹೇಬರು ಉತ್ತರಿಸುತ್ತಾರೆ. ಶುಭಾಶಯದ ಚಿತ್ರಗಳನ್ನು ಹಾಕಬೇಡಿ.

ಭಾಲ್ಕಿ ಸದಸ್ಯ: ನಮಸ್ಕಾರ ಸಾಹೇಬರೇ. ಎಮ್ಮೆಗೆ ಜ್ವರ. ನಾವು ನುಂಗುವ ಪ್ಯಾರಾಸಿಟಮಾಲ್ ಎಷ್ಟು ಕೊಡಬಹುದು?

ವೈದ್ಯರು: ನಮಸ್ಕಾರ. ನೀವಾಗಿ ಕೊಡಬೇಡಿ. ಜ್ವರ ಏಕೆ ಬಂದಿದೆ ಎಂಬುದು ಮೊದಲು ತಿಳಿಯಲಿ. ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ.

ಜೇವರ್ಗಿ ಸದಸ್ಯ: ಸಾಹೇಬರೇ, ಆರು ವರ್ಷದ ದೇವಣಿ ಎತ್ತು. ಎಂಟು ದಿನದಿಂದ ಹಿಂದಿನ ಬಲಗಾಲು ಕುಂಟುತ್ತಿದೆ. ಊರಲ್ಲಿ ಸೂಜಿ ಹಾಕುವ ಒಬ್ಬರು ಐದು ದಿನ ಎರಡೂ ಹೊತ್ತು ಹಾಕಿದರು. ಹಾಕಿದ ಮೇಲೆ ಚೆನ್ನಾಗಿ ನಡೆಯುತ್ತಿತ್ತು, ಹೊಲಕ್ಕೂ ಕಟ್ಟಿದೆವು. ನಿನ್ನೆಯಿಂದ ಮೇವು ಮುಟ್ಟಿಲ್ಲ. ಸಗಣಿ ಡಾಂಬರಿನಂತಿದೆ. ಇನ್ನೊಂದು ಹಾಕಿಸಲೇ?

ವೈದ್ಯರು: ಬೇಡ. ಒಂದನ್ನೂ ಹಾಕಿಸಬೇಡಿ. ಖಾಲಿ ಬಾಟಲಿಗಳ ಮೇಲೆ ಏನು ಬರೆದಿದೆ?

ಜೇವರ್ಗಿ ಸದಸ್ಯ: ಒಂದು ಮೆಲಾಕ್ಸಿಕಾಮ್. ಒಂದು ಡೆಕ್ಸಾಮೆಥಾಸೋನ್. ಸಣ್ಣ ಗಾಜಿನದು ಡೈಕ್ಲೋಫೆನಾಕ್, ಜನರ ಮೆಡಿಕಲ್ ಅಂಗಡಿಯದು.

ಔರಾದ್ ಸದಸ್ಯ: ಫಾರ್ವರ್ಡ್ ಬಂದಿದೆ, ಉಪಯೋಗವಾಗಬಹುದು: ಹತ್ತು ನೋವಿನ ಮಾತ್ರೆಗಳನ್ನು ಬೆಲ್ಲ, ಅರಿಶಿನದೊಂದಿಗೆ ಅರೆದು ಉಂಡೆ ಮಾಡಿ ತಿನ್ನಿಸಿ. ದನ, ನಾಯಿ, ಬೆಕ್ಕು ಯಾವುದಕ್ಕಾದರೂ ಸರಿ. ಕುಂಟುವ ಕಾಲಿಗೆ ಬರೆ ಹಾಕಿ.

ವೈದ್ಯರು: ಜೇವರ್ಗಿಯವರೇ, ಗಮನವಿಟ್ಟು ಓದಿ. ನೋವು ತರುವ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತುವನ್ನು ಮೆಲಾಕ್ಸಿಕಾಮ್, ಡೈಕ್ಲೋಫೆನಾಕ್ ಎರಡೂ ತಡೆಯುತ್ತವೆ. ಹೊಟ್ಟೆಯ ಒಳಪದರವನ್ನು ಕಾಯುವುದೂ ಮೂತ್ರಪಿಂಡಕ್ಕೆ ರಕ್ತ ಹರಿಯುವಂತೆ ನೋಡಿಕೊಳ್ಳುವುದೂ ಅದೇ ವಸ್ತು. ಒಂದನ್ನು ಅಳತೆಯಲ್ಲಿ ಕೊಟ್ಟರೆ ಔಷಧಿ. ನಿಮ್ಮ ಎತ್ತಿಗೆ ಎರಡನ್ನು ಒಟ್ಟಿಗೆ ಕೊಟ್ಟಿದ್ದಾರೆ, ಮೇಲೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಬೇರೆ. ನಾಲ್ಕನೆಯ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಒಸರುತ್ತಿರಬಹುದು. ಡಾಂಬರಿನಂಥ ಸಗಣಿ ಅದರ ಗುರುತು. ಈ ಬಿಸಿಲಲ್ಲಿ ನೀರು ಕಡಿಮೆ ಕುಡಿದು ದುಡಿದಿದ್ದರೆ ಮೂತ್ರಪಿಂಡಕ್ಕೂ ಪೆಟ್ಟು ಬಿದ್ದಿರಬಹುದು.

ಇಷ್ಟೆಲ್ಲ ಆದ ಮೇಲೂ ಕಾಲಿಗೆ ಏನಾಗಿದೆ ಎಂದು ಯಾರೂ ನೋಡಿಲ್ಲ! ನೋವಿತ್ತು ಎಂದೇ ಎತ್ತು ಆ ಕಾಲನ್ನು ಊರುತ್ತಿರಲಿಲ್ಲ. ನೋವು ಮುಚ್ಚಿ ನೊಗಕ್ಕೆ ಕಟ್ಟಿದಿರಿ. ಗೊರಸು ತೊಳೆದು, ಸಂದಿನಲ್ಲಿ ಬ್ಯಾಟರಿ ಬಿಟ್ಟು ನೋಡಿ. ತೊಗರಿ ಕೂಳೆ ಚುಚ್ಚಿ ಒಳಗೇ ಮುರಿದಿರುವುದನ್ನು ಪ್ರತಿವರ್ಷ ನೋಡುತ್ತೇನೆ. ಏನಾದರೂ ಕಂಡರೆ ನೀವು ಕೀಳಬೇಡಿ. ನೀರು ಮುಂದಿಡಿ, ನೆರಳಲ್ಲಿ ಕಟ್ಟಿ, ಮೂತ್ರ ಮಾಡುತ್ತದೆಯೇ ಗಮನಿಸಿ. ಈ ರಾತ್ರಿಯೇ ವೈದ್ಯರನ್ನು ಕರೆಸಿ.

ಹೇಳಲು ಬೇಸರ, ಆದರೂ ಹೇಳಬೇಕು: ಕೈ ಮೀರಿದರೆ ಕಳೇಬರವನ್ನು ಊರ ಹೊರಗೆ ಎಸೆಯಬೇಡಿ, ಹೂಳಿ. ಡೈಕ್ಲೋಫೆನಾಕ್ ಇರುವ ಮಾಂಸ ತಿಂದ ರಣಹದ್ದು ಮೂತ್ರಪಿಂಡ ಕೆಟ್ಟು ಸಾಯುತ್ತದೆ. ಅದಕ್ಕೇ 2006ರಲ್ಲಿ ದನಗಳಿಗೆ ಅದನ್ನು ನಿಲ್ಲಿಸಲು ಆದೇಶವಾಯಿತು. ಜನರ ಹೆಸರಿನಲ್ಲಿ ದೊಡ್ಡ ಬಾಟಲಿ ಕೊಂಡು ದನಕ್ಕೆ ಹಾಕುತ್ತಿದ್ದರು ಎಂದು 2015ರಲ್ಲಿ ಅದನ್ನೂ ನಿಲ್ಲಿಸಿದರು. ಈಗ ಸಣ್ಣವನ್ನೇ ಒಡೆದು ಹಾಕುತ್ತಿದ್ದಾರೆ.

ಹುಮನಾಬಾದ್ ಸದಸ್ಯೆ: ಔರಾದ್ ಅಣ್ಣ ಹಾಕಿದ ಉಂಡೆಯನ್ನು ಬೆಕ್ಕಿಗೆ ಕೊಡಬಹುದೇ ಸರ್?

ವೈದ್ಯರು: ಬೆಕ್ಕಿನ ಯಕೃತ್ತಿಗೆ ಪ್ಯಾರಾಸಿಟಮಾಲ್ ಅರಗಿಸುವ ಶಕ್ತಿ ಇಲ್ಲ. ಅರ್ಧ ಮಾತ್ರೆಯೇ ಕೊಲ್ಲಬಲ್ಲದು. ನಾಯಿಗೆ ಐಬುಪ್ರೊಫೆನ್ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣು. ಬರೆ ಹಾಕಿದರೆ ಇದ್ದ ನೋವಿನ ಜೊತೆಗೆ ಸುಟ್ಟ ಗಾಯ. ಔರಾದ್‌ನವರೇ, ಆ ಸಂದೇಶವನ್ನು ಅಳಿಸಿ.

ಔರಾದ್ ಸದಸ್ಯ: ನಾನು ಬರೆದದ್ದಲ್ಲ, ಬಂದದ್ದನ್ನು ಹಾಕಿದೆ.

ವೈದ್ಯರು: ಬಂದದ್ದನ್ನೆಲ್ಲ ಹಾಕಲು ಇದು ತಿಪ್ಪೆಯೇ?

ಸುರಪುರ ಸದಸ್ಯ: ರಣಹದ್ದು ನಮ್ಮ ಕಡೆ ಕಂಡು ಎಷ್ಟೋ ವರ್ಷವಾಯಿತು. ಇಲ್ಲದ ಹಕ್ಕಿಗಾಗಿ ಅಗ್ಗದ ಸೂಜಿ ಬಿಡಬೇಕೇ?

ಸೇಡಂ ಸದಸ್ಯ: ಏಕೆ ಕಾಣುವುದಿಲ್ಲ ಎಂದೇ ಸಾಹೇಬರು ಈಗ ಹೇಳಿದ್ದು, ಕಾಕಾ. ಹದ್ದು ತಿನ್ನುತ್ತಿದ್ದುದನ್ನು ಈಗ ನಾಯಿಗಳು ತಿನ್ನುತ್ತಿವೆ. ನಮ್ಮೂರಿನಲ್ಲಿ ಸಂಜೆ ಹೊಲದಿಂದ ಒಬ್ಬರೇ ಬರಲಾಗದು.

ಸುರಪುರ ಸದಸ್ಯ: ನಾಯಿ ಹೆಚ್ಚಾದರೆ ಪಂಚಾಯಿತಿಯನ್ನು ಕೇಳು. ಎತ್ತಿನ ಬೆಲೆ ಗೊತ್ತೇ ನಿನಗೆ?

ಸೇಡಂ ಸದಸ್ಯ: ಎರಡು ಜೋಡಿ ಕಟ್ಟಿದ್ದೇನೆ. ನೀವು ಟ್ರ್ಯಾಕ್ಟರ್ ಕೊಂಡು ಎಷ್ಟು ವರ್ಷವಾಯಿತು?

ಶಹಾಪುರ ಸದಸ್ಯ: ಕೀಟೊಪ್ರೊಫೆನ್ ಹಾಕಬಹುದೇ? ಕುರಿಮರಿಗೆ ಜಂತಿನ ಔಷಧಿ ಯಾವುದು ಒಳ್ಳೆಯದು?

ವೈದ್ಯರು: ಕೀಟೊಪ್ರೊಫೆನ್, ಅಸೆಕ್ಲೋಫೆನಾಕ್ ಎರಡನ್ನೂ 2023ರಲ್ಲಿ ಪ್ರಾಣಿಗಳಿಗೆ ನಿಷೇಧಿಸಲಾಗಿದೆ. ಅಸೆಕ್ಲೋಫೆನಾಕ್ ದನದ ಮೈಯಲ್ಲಿ ಡೈಕ್ಲೋಫೆನಾಕ್ ಆಗಿಯೇ ಬದಲಾಗುತ್ತದೆ. ಹದ್ದಿಗೆ ಕೇಡು ಮಾಡದ್ದು ಮೆಲಾಕ್ಸಿಕಾಮ್, ಟೋಲ್ಫೆನಾಮಿಕ್ ಆಮ್ಲ. ಅವನ್ನೂ ವೈದ್ಯರು ಚೀಟಿ ಬರೆದರೆ ಮಾತ್ರ.

ಆಳಂದ ಸದಸ್ಯೆ: ಗಬ್ಬದ ಆಕಳಿಗೆ ಆ ಡೆಕ್ಸಾ ಸೂಜಿ ನಡೆಯುತ್ತದೆಯೇ ಸರ್?

ವೈದ್ಯರು: ಇಲ್ಲ ತಾಯಿ. ದಿನ ತುಂಬುತ್ತಾ ಬಂದಿದ್ದರೆ ಕಂದು ಹಾಕುತ್ತದೆ.

ಚಿಂಚೋಳಿ ಸದಸ್ಯ: ಎಮ್ಮೆಗೆ ಪ್ಯಾರಾಸಿಟಮಾಲ್ ಎಷ್ಟು ಸಾಹೇಬರೇ?

ವೈದ್ಯರು: ಮೇಲೆ ಓದಿ.

ಸುರಪುರ ಸದಸ್ಯ: ಊರಿಗೆ ಡಾಕ್ಟರ್ ಬರುವುದಿಲ್ಲ. ಸೂಜಿ ಹಾಕುವವನಾದರೂ ಬರುತ್ತಾನಲ್ಲ, ಅವನನ್ನೇ ಬೈಯುತ್ತೀರಿ.

ವೈದ್ಯರು: ಮೊದಲ ಮಾತು ನಿಜ, ಒಪ್ಪುತ್ತೇನೆ. ಅದಕ್ಕೆ ಎತ್ತು ಏಕೆ ದಂಡ ತೆರಬೇಕು?

ಸೇಡಂ ಸದಸ್ಯ: ಹೇಳಿ ಕಾಕಾ, ಉತ್ತರ ಹೇಳಿ.

ನಿರ್ವಾಹಕ: ಇಬ್ಬರೂ ನಿಲ್ಲಿಸಿ. ಇಲ್ಲದಿದ್ದರೆ ಹೊರಗೆ ಹಾಕುತ್ತೇನೆ.

ಜೇವರ್ಗಿ ಸದಸ್ಯ: ಸಾಹೇಬರೇ, ಗೊರಸಿನ ಸಂದಿನಲ್ಲಿ ಕೂಳೆಯ ತುಂಡು ಕಾಣುತ್ತಿದೆ, ಕೀವು ಬರುತ್ತಿದೆ. ಡಾಕ್ಟರ್ ದಾರಿಯಲ್ಲಿದ್ದಾರೆ.

ವೈದ್ಯರು: ಬಾಟಲಿಗಳನ್ನು ಅವರಿಗೆ ತೋರಿಸಿ, ಮುಚ್ಚಿಡಬೇಡಿ. ಮೂತ್ರ ಮಾಡಿತೇ?

ಬಸವಕಲ್ಯಾಣ ಸದಸ್ಯ: ಎಮ್ಮೆಗೆ ಜ್ವರ ಬಂದರೆ ಪ್ಯಾರಾಸಿಟಮಾಲ್…

ವೈದ್ಯರು: ಜೇವರ್ಗಿಯವರೇ, ಮೂತ್ರ?

ಜೇವರ್ಗಿ ಸದಸ್ಯ: ಈಗ ಮಾಡಿತು. ಸ್ವಲ್ಪವೇ.