ಅಪ್‌ಡೇಟ್: ‘ರಿವರ್ಟ್’ ಕ್ರಿಯಾಪದದ ಬಗ್ಗೆ ನಾನು ಕೇಳಿದ್ದ ಪ್ರಶ್ನೆ

ನಾನು ಇಮೇಲ್‌ನ ಕೊನೆಯಲ್ಲಿ ‘ದಯವಿಟ್ಟು ಉತ್ತರಿಸಿ’ ಎಂಬ ಅರ್ಥದಲ್ಲಿ ಬರೆದಿದ್ದ ‘ಪ್ಲೀಸ್ ರಿವರ್ಟ್’ ಎಂಬುದನ್ನು ಬ್ರಿಟನ್ನಿನ ಗ್ರಾಹಕರೊಬ್ಬರು ‘ಹಳೆಯ ಕರಡಿಗೇ ಮರಳಿ’ ಎಂದು ಓದಿಕೊಂಡು ನಮ್ಮ ತಿದ್ದುಪಡಿಗಳನ್ನೆಲ್ಲ ಅಳಿಸಿದ್ದರಿಂದ, ಆ ಪದದ ಸರಿಯಾದ ಬಳಕೆ ಯಾವುದೆಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು.

ನಿಮ್ಮ ಸಲಹೆಯಂತೆ ನಿಘಂಟುಗಳನ್ನು ತೆರೆದು ನೋಡಿದೆ. ‘ಹಿಂದಕ್ಕೆ ತಿರುಗು’ ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದಿರುವ ಈ ಕ್ರಿಯಾಪದಕ್ಕೆ ಹಿಂದಿನ ಸ್ಥಿತಿಗೆ, ಹಳೆಯ ಅಭ್ಯಾಸಕ್ಕೆ ಅಥವಾ ಬಿಟ್ಟುಹೋದ ವಿಷಯಕ್ಕೆ ಮರಳುವುದೇ ಮುಖ್ಯಾರ್ಥ. ಕಾನೂನಿನಲ್ಲಿ, ಗುತ್ತಿಗೆಯ ಅವಧಿ ಮುಗಿದ ಜಮೀನು ಮೂಲ ಮಾಲೀಕನಿಗೆ ಹಿಂದಿರುಗುವುದನ್ನೂ ಇದೇ ಪದ ಹೇಳುತ್ತದೆ. ಮರಳುವ ಭಾವ ಪದದೊಳಗೇ ಇರುವುದರಿಂದ ಅದರ ಮುಂದೆ ‘ಬ್ಯಾಕ್’ ಸೇರಿಸುವುದು ಅನಗತ್ಯ. ಎಲ್ಲಿಗೆ ಎಂಬುದನ್ನು ಸೂಚಿಸಲು ‘ಟು’ ಬೇಕು.

‘ಉತ್ತರಿಸು’ ಎಂಬ ಅರ್ಥ ಭಾರತ, ಸಿಂಗಪುರ, ಮಲೇಷ್ಯಾಗಳ ಇಂಗ್ಲಿಷಿನಲ್ಲಿ ಬೇರೂರಿದೆ. ಆದ್ದರಿಂದ ಅದನ್ನು ಸಾರಾಸಗಟಾಗಿ ತಪ್ಪೆನ್ನಲು ನನಗೆ ಮನಸ್ಸಿಲ್ಲ. ನಮ್ಮ ಕನ್ನಡದಲ್ಲೂ ‘ಮರಳು’ ಮತ್ತು ‘ಮಾರುತ್ತರ’ ಪರಸ್ಪರ ದೂರದ ಮಾತುಗಳಲ್ಲವಷ್ಟೆ. ಆದರೆ ಓದುವವರು ಈ ಬಳಕೆಯನ್ನು ಅರಿಯದವರಾದರೆ, ವಿಶೇಷವಾಗಿ ಕರಡು, ಒಪ್ಪಂದ ಅಥವಾ ಸಾಫ್ಟ್‌ವೇರ್ ಬದಲಾವಣೆಯ ಕುರಿತು ಬರೆಯುವಾಗ, ಗೊಂದಲ ನಿಶ್ಚಿತ.

ಈಗ ‘ರಿಪ್ಲೈ’ ಎಂದೇ ಬರೆಯುತ್ತಿದ್ದೇನೆ. ಗ್ರಾಹಕರಿಗೂ ವಿವರಣೆ ಕಳುಹಿಸಿದೆ. ಅವರು ತಿದ್ದುಪಡಿಗಳನ್ನು ಮತ್ತೆ ಸೇರಿಸಿಕೊಂಡಿದ್ದಾರೆ.